ಗ್ರೂಪ್ ಫೋಟೋದ ಹಿಂದಿನ ಕೆಂಪು ಬಯಲು

(ಸುವರ್ಣ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಹಳೆಯ ಛಾಯಾಚಿತ್ರಗಳ ಪ್ರದರ್ಶನದ ದಿನ, ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಮೈದಾನದಲ್ಲಿ ನಾನು ಮೈಕಿನ ಮುಂದೆ ನಿಂತಿರುವುದು ಇದು ಎರಡನೇ ಸಲ. ಮೊದಲ ಸಲ ಎಂಟನೇ ತರಗತಿಯಲ್ಲಿದ್ದಾಗ, ಆಗಸ್ಟ್ 15ರಂದು. ನಾಲ್ಕು ಸಾಲು ಹೇಳಿದೆ, ಐದನೆಯದು ಮರೆತುಹೋಯಿತು, ಕೈಮುಗಿದು ಇಳಿದುಬಂದೆ. ಆ ಭಾಷಣವನ್ನು ಬರೆದುಕೊಟ್ಟಿದ್ದ ಕನ್ನಡ ಮಾಸ್ತರರು ಇವತ್ತು ಎದುರಿಗೇ ಕುಳಿತಿದ್ದಾರೆ. ಅದಕ್ಕೇ ಈ ಸಲ ಕಾಗದ ಹಿಡಿದುಕೊಂಡೇ ಬಂದಿದ್ದೇನೆ.

ಮಹೋತ್ಸವ ಸಮಿತಿಯವರು ನನಗೆ ವಹಿಸಿದ ಕೆಲಸ ಸಣ್ಣದು. ಐವತ್ತು ವರ್ಷಗಳ ಫೋಟೋಗಳನ್ನು ಒಟ್ಟು ಮಾಡಿ, ಕೆಟ್ಟದ್ದನ್ನು ಕಂಪ್ಯೂಟರಿನಲ್ಲಿ ಸರಿಪಡಿಸಿ, ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ತೂಗುಹಾಕುವುದು. "ನೀ ಸಾಫ್ಟ್‌ವೇರ್ ಇಂಜಿನಿಯರ್ ಅದೀಯಲ್ಲ, ನಿನಗ ಇದೇನು ದೊಡ್ಡದು" ಎಂದರು. ಸಾಫ್ಟ್‌ವೇರ್ ಇಂಜಿನಿಯರ್ ಅಂದರೆ ಪ್ರಿಂಟರ್ ರಿಪೇರಿಯಿಂದ ಹಿಡಿದು ರೈಲ್ವೆ ಟಿಕೆಟ್ ಬುಕ್ ಮಾಡುವವರೆಗೆ ಎಲ್ಲ ಬರುತ್ತದೆ ಎಂದು ನಮ್ಮೂರಿನ ನಂಬಿಕೆ. ಬೆಂಗಳೂರಿನ ಆಫೀಸಿನಲ್ಲಿ ನಾನು ಮಾಡುವುದು ಬೇರೆ ಕೆಲಸ. ಆದರೂ ಫೋಟೋ ತಿದ್ದುವುದನ್ನು ಕಾಲೇಜು ದಿನಗಳಿಂದ ಹವ್ಯಾಸವಾಗಿ ಕಲಿತಿದ್ದೆ. ಒಪ್ಪಿಕೊಂಡೆ.

ಶಾಲೆಯ ಕಪಾಟಿನಿಂದ, ನಿವೃತ್ತ ಶಿಕ್ಷಕರ ಮನೆಗಳಿಂದ, ಹಳೆಯ ವಿದ್ಯಾರ್ಥಿಗಳ ಟ್ರಂಕುಗಳಿಂದ ಒಟ್ಟು 112 ಫೋಟೋ ಬಂದವು. ಕೆಲವಕ್ಕೆ ಗೆದ್ದಲು ಹಿಡಿದಿತ್ತು. ಕೆಲವು ಚೌಕಟ್ಟಿನ ಗಾಜಿಗೆ ಅಂಟಿಕೊಂಡಿದ್ದವು. ಹರಿದದ್ದಕ್ಕೆ ಯಾರೋ ಹಚ್ಚಿದ್ದ ಟೇಪು ಕಂದುಬಣ್ಣಕ್ಕೆ ತಿರುಗಿ ಕಲೆಯಾಗಿತ್ತು. ಬಣ್ಣದ ಫೋಟೋಗಳು ಒಂದು ಬಗೆಯಲ್ಲಿ ಕೆಂಪಗೆ ಕಂದಿದ್ದವು.

ವಿದ್ಯಾರ್ಥಿಗಳಿಗಾಗಿ ಇದರ ಕಾರಣವನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಕಪ್ಪು-ಬಿಳುಪು ಫೋಟೋದಲ್ಲಿ ಚಿತ್ರ ಮೂಡಿಸುವುದು ಬೆಳ್ಳಿಯ ಅತಿ ಸಣ್ಣ ಕಣಗಳು. ಆ ಕಣಗಳನ್ನು ಕಾಗದದ ಮೇಲೆ ಹಿಡಿದಿಡುವುದು ಜೆಲಟಿನ್ ಎಂಬ ಅಂಟು. ಜೆಲಟಿನ್ ಅನ್ನು ಪ್ರಾಣಿಗಳ ಎಲುಬು, ಚರ್ಮದಿಂದ ತೆಗೆಯುತ್ತಾರೆ. ಮಳೆಗಾಲದಲ್ಲಿ ಗೋಡೆ ತೇವವಾದರೆ ಬೂಷ್ಟಿಗೆ ಅದೇ ಊಟ. ಅದೇ ಜೆಲಟಿನ್ ತೇವಕ್ಕೆ ಮೆತ್ತಗಾಗಿ ಗಾಜಿಗೆ ಅಂಟಿಕೊಳ್ಳುತ್ತದೆ. ಬಣ್ಣದ ಫೋಟೋದಲ್ಲಿ ಕೊನೆಗೆ ಬೆಳ್ಳಿ ಉಳಿಯುವುದಿಲ್ಲ. ಹಸಿರುನೀಲಿ, ಕಡುಗುಲಾಬಿ, ಹಳದಿ ಎಂಬ ಮೂರು ಬಣ್ಣದ ಪದರಗಳಿರುತ್ತವೆ. 1970–80ರ ದಶಕದ ಬಹಳಷ್ಟು ಪ್ರಿಂಟುಗಳಲ್ಲಿ ಹಸಿರುನೀಲಿ ಬಣ್ಣ ಟ್ರಂಕಿನ ಕತ್ತಲಲ್ಲಿ ಇಟ್ಟರೂ ಮೊದಲು ಮಾಸುತ್ತದೆ. ಅದು ಹೋದಮೇಲೆ ಉಳಿಯುವುದು ಕೆಂಪು. ನಮ್ಮ ಅಕ್ಕಂದಿರ ಮದುವೆ ಆಲ್ಬಮ್ಮುಗಳೆಲ್ಲ ಕೆಂಪಾಗಿರುವುದು ಇದಕ್ಕೇ.

ಬಣ್ಣ ಮಾಸುವ ವಿಷಯವನ್ನು ಬ್ಯಾಡಗಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮೆಣಸಿನಕಾಯಿಗೆ ಬೆಲೆ ಬರುವುದು ಖಾರಕ್ಕಿಂತ ಹೆಚ್ಚಾಗಿ ಬಣ್ಣಕ್ಕೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಅದರಿಂದ ತೆಗೆದ ಓಲಿಯೋರೆಸಿನ್ ಆಹಾರಕ್ಕೂ ಲಿಪ್‌ಸ್ಟಿಕ್ಕಿಗೂ ಬಣ್ಣವಾಗುತ್ತದೆ. ಬಿಸಿಲು, ಗಾಳಿ, ಶೆಕೆಗೆ ಬಿಟ್ಟರೆ ಆ ಬಣ್ಣ ಇಳಿಯುತ್ತದೆ, ದರವೂ ಇಳಿಯುತ್ತದೆ. ಅದಕ್ಕಾಗಿ ಊರ ಸುತ್ತ ಕೋಲ್ಡ್ ಸ್ಟೋರೇಜ್‌ಗಳು ಎದ್ದಿವೆ. ದೊಡ್ಡ ದೊಡ್ಡ ಚಿತ್ರಸಂಗ್ರಹಾಲಯಗಳು ಬಣ್ಣದ ಫಿಲ್ಮುಗಳನ್ನು ಇಡುವುದೂ ಇದೇ ರೀತಿ ತಂಪು ಕೋಣೆಗಳಲ್ಲಿ. ನಾವು ಮೆಣಸಿನಕಾಯಿಗೆ ತೋರಿಸಿದ ಕಾಳಜಿಯನ್ನು ಫೋಟೋಗಳಿಗೆ ತೋರಿಸಲಿಲ್ಲ, ಅಷ್ಟೆ.

ಕೆಲಸ ಶುರುಮಾಡುವಾಗ ನಾನೊಂದು ನಿಯಮ ಹಾಕಿಕೊಂಡೆ. ಮುಖ ಮುಟ್ಟಬಾರದು. ಯಾರ ಕಣ್ಣು, ಮೂಗು, ತುಟಿಯನ್ನೂ ನಾನು ಬಿಡಿಸಬಾರದು. ಹಿನ್ನೆಲೆಯನ್ನು ಮಾತ್ರ ಸರಿಮಾಡಬೇಕು. ಗೋಡೆ, ಆಕಾಶ, ನೆಲ, ಗಿಡ, ಇವುಗಳನ್ನು ತಿದ್ದಿದರೆ ಯಾರಿಗೆ ಏನು ನಷ್ಟ? ಇದು ಬಹಳ ಪ್ರಾಮಾಣಿಕ ನಿಯಮ ಎಂದು ನನಗನ್ನಿಸಿತ್ತು. ಅದು ಎಷ್ಟು ಅರ್ಧಂಬರ್ಧ ನಿಯಮವಾಗಿತ್ತು ಎಂದು ಹೇಳುವುದಕ್ಕೇ ಇವತ್ತು ಇಲ್ಲಿ ನಿಂತಿದ್ದೇನೆ.

ಅದಕ್ಕೆ ಮುಂಚೆ, ಕಂಪ್ಯೂಟರಿನಲ್ಲಿ ಹಿನ್ನೆಲೆಯನ್ನು ಹೇಗೆ ರಿಪೇರಿ ಮಾಡುತ್ತಾರೆ ಎಂದು ತಿಳಿಸಬೇಕು. ನಮ್ಮ ತಾಯಂದಿರಿಗೆ ಇದು ಬೇಗ ತಿಳಿಯುತ್ತದೆ. ಯಾಕೆಂದರೆ ಇದು ಕೌದಿ ಹೊಲಿದಂತೆ.

ಸೀರೆ ಒಂದು ಕಡೆ ಹರಿದಿದೆ ಎನ್ನಿ. ಅದೇ ಸೀರೆಯ ಸೆರಗಿನ ಮೂಲೆಯಿಂದ ಒಂದು ತುಣುಕು ಕತ್ತರಿಸಿ ಹರಿದ ಕಡೆ ಇಟ್ಟು ಹೊಲಿದರೆ ತೇಪೆ ಕಾಣುವುದಿಲ್ಲ. ಕ್ಲೋನ್ ಸ್ಟ್ಯಾಂಪ್ ಎಂಬ ಸಾಧನ ಮಾಡುವುದು ಇದನ್ನೇ. ಗೋಡೆಯ ಒಳ್ಳೆಯ ಭಾಗವನ್ನು ತೆಗೆದುಕೊಂಡು ಕೆಟ್ಟ ಭಾಗದ ಮೇಲೆ ಒತ್ತುತ್ತದೆ. ಆದರೆ ಗೋಡೆಯ ಒಂದು ಕಡೆ ಬಿಸಿಲು, ಇನ್ನೊಂದು ಕಡೆ ನೆರಳು ಇದ್ದರೆ ತೇಪೆ ಎದ್ದು ಕಾಣುತ್ತದೆ. ಅದಕ್ಕೆ ಹೀಲಿಂಗ್ ಬ್ರಷ್ ಬಂತು. ಅದು ತುಣುಕಿನ ನೇಯ್ಗೆಯನ್ನು ಮಾತ್ರ ತಂದು, ಬಣ್ಣವನ್ನೂ ಬೆಳಕನ್ನೂ ಸುತ್ತಲಿನ ಜಾಗಕ್ಕೆ ಹೊಂದಿಸುತ್ತದೆ. ಫೋಟೋಶಾಪ್ ಮಾರುಕಟ್ಟೆಗೆ ಬಂದದ್ದು 1990ರಲ್ಲಿ. ಈ ಬ್ರಷ್ ಅದರಲ್ಲಿ ಸೇರಿದ್ದು 2002ರಲ್ಲಿ.

ಮೂರನೆಯದು ಇನ್ನೂ ಜಾಣ. 2000ನೇ ಇಸವಿಯಲ್ಲಿ ಮಾರ್ಸೆಲೊ ಬೆರ್ಟಾಲ್ಮಿಯೊ ಮತ್ತು ಸಂಗಡಿಗರು ಒಂದು ಲೇಖನ ಪ್ರಕಟಿಸಿದರು. ಹಳೆಯ ವರ್ಣಚಿತ್ರಗಳನ್ನು ದುರಸ್ತಿ ಮಾಡುವ ಕಲಾವಿದರು ಬಿರುಕಿನ ಅಂಚಿನಿಂದ ಒಳಕ್ಕೆ ಬಣ್ಣ ತುಂಬುತ್ತ ಬರುವಂತೆ, ಕಂಪ್ಯೂಟರು ರಂಧ್ರದ ಅಂಚಿಗೆ ಬಂದು ನಿಂತ ಗೆರೆಗಳನ್ನು ಒಳಕ್ಕೆ ಎಳೆಯುತ್ತ ತುಂಬಬಹುದು ಎಂದು ತೋರಿಸಿದರು. ಆ ಕಲಾವಿದರ ಮಾತನ್ನೇ ತೆಗೆದುಕೊಂಡು ಅದಕ್ಕೆ ಇನ್‌ಪೇಂಟಿಂಗ್ ಎಂದು ಹೆಸರಿಟ್ಟರು. ಮುಂದೆ ಇಡೀ ಚಿತ್ರದಲ್ಲಿ ಹೊಂದುವ ತುಣುಕುಗಳನ್ನು ತಾನೇ ಹುಡುಕಿ ಜೋಡಿಸುವ ವಿಧಾನ ಬಂತು. 2010ರಲ್ಲಿ ಫೋಟೋಶಾಪ್‌ಗೆ ಅದು ಕಂಟೆಂಟ್ ಅವೇರ್ ಫಿಲ್ ಎಂಬ ಹೆಸರಿನಲ್ಲಿ ಸೇರಿತು. ದುಡ್ಡು ಕೊಡಲಾರದವರಿಗೆ ಗಿಂಪ್ ಎಂಬ ಉಚಿತ ತಂತ್ರಾಂಶವಿದೆ. ವಿದ್ಯಾರ್ಥಿಗಳೇ, ನಾನು ಕಲಿತದ್ದು ಅದರಲ್ಲೇ. ಶಾಲೆಯ ಕಂಪ್ಯೂಟರಿನಲ್ಲೂ ಹಾಕಿಕೊಳ್ಳಬಹುದು.

ಈ ಎಲ್ಲ ಸಾಧನಗಳಲ್ಲಿ ಒಂದು ಸಮಾನ ಗುಣವಿದೆ. ರಂಧ್ರವಿದ್ದ ಜಾಗದಲ್ಲಿ ಏನಿತ್ತು ಎಂದು ಅವಕ್ಕೆ ಗೊತ್ತಿಲ್ಲ. ಅಕ್ಕಪಕ್ಕದಲ್ಲಿ ಹೆಚ್ಚು ಇರುವುದನ್ನು ತಂದು ಅಲ್ಲಿ ತುಂಬುತ್ತವೆ. ಗೋಡೆ ಹೆಚ್ಚಿದ್ದರೆ ಗೋಡೆ. ಆಕಾಶ ಹೆಚ್ಚಿದ್ದರೆ ಆಕಾಶ. ಒಂದೇ ಒಂದು ಇದ್ದದ್ದು, ಸಣ್ಣದಾಗಿ ಇದ್ದದ್ದು, ಅವುಗಳ ಲೆಕ್ಕದಲ್ಲಿ ಕಸ.

ಈಗ 1989ರ ಎಸ್‌ಎಸ್‌ಎಲ್‌ಸಿ ತಂಡದ ಗ್ರೂಪ್ ಫೋಟೋದ ವಿಷಯಕ್ಕೆ ಬರುತ್ತೇನೆ. ನಮಗೆ ಬಂದ ಬಣ್ಣದ ಗ್ರೂಪ್ ಫೋಟೋಗಳಲ್ಲಿ ಅದೇ ಎಲ್ಲಕ್ಕಿಂತ ಹಳೆಯದು. ಪರೀಕ್ಷೆಗೆ ಮುಂಚೆ, ಫೆಬ್ರವರಿಯಲ್ಲಿ ತೆಗೆದದ್ದು. ಕುರ್ಚಿಯ ಮೇಲೆ ಶಿಕ್ಷಕರು, ಹಿಂದೆ ಬೆಂಚು ಹತ್ತಿದ ಹುಡುಗರು, ಒಂದು ಬದಿಗೆ ಹುಡುಗಿಯರು. ಅವರ ಹಿಂದೆ ಸುಣ್ಣ ಬಳಿದ ಗೋಡೆ, ಮಂಗಳೂರು ಹೆಂಚು, ಬಲಗಡೆ ಮೇಲಿನ ಮೂಲೆಯಲ್ಲಿ ಕಾಂಪೌಂಡು, ಅದರಾಚೆ ಒಂದು ಪಟ್ಟಿ ಬಯಲು. ಫೋಟೋ ಪೂರ್ತಿ ಕೆಂಪಗಾಗಿತ್ತು. ಬಲಗಡೆ ಮೇಲೆ ತೇವ ತಗುಲಿ ಬೂಷ್ಟಿನ ಬಿಳಿ ಚುಕ್ಕೆಗಳಿದ್ದವು.

ಇಂಥ ಫೋಟೋದ ಬಣ್ಣ ಸರಿಮಾಡುವ ಕ್ರಮ ಹೀಗೆ. ನಿಜವಾಗಿ ಬೆಳ್ಳಗಿರಬೇಕಾದ ಒಂದು ವಸ್ತುವನ್ನು ಹುಡುಕಬೇಕು. ಸರಕಾರಿ ಶಾಲೆಯ ಫೋಟೋದಲ್ಲಿ ಅದಕ್ಕೆ ಬರವಿಲ್ಲ, ಎಲ್ಲರದ್ದೂ ಬಿಳಿ ಅಂಗಿ. ಆ ಅಂಗಿ ಬೆಳ್ಳಗಾಗುವವರೆಗೆ ಕೆಂಪನ್ನು ಇಳಿಸುತ್ತ ಹೋದರೆ ಉಳಿದ ಬಣ್ಣಗಳೂ ತಮ್ಮ ಜಾಗಕ್ಕೆ ಬರುತ್ತವೆ. ನಾನೂ ಹಾಗೆಯೇ ಮಾಡಿದೆ. ಅಂಗಿಗಳು ಬೆಳ್ಳಗಾದವು. ಹುಡುಗಿಯರ ಲಂಗ ನೀಲಿಯಾಯಿತು. ಗೋಡೆಯ ಸುಣ್ಣ ಸುಣ್ಣದಂತೆ ಕಂಡಿತು. ಆದರೆ ಕಾಂಪೌಂಡಿನಾಚೆಯ ಪಟ್ಟಿ ಮಾತ್ರ ಕೆಂಪಗೇ ಉಳಿಯಿತು.

ರಾತ್ರಿ ಹನ್ನೊಂದೂವರೆ. ಆಫೀಸಿನ ಕೆಲಸ ಮುಗಿಸಿ ಕುಳಿತಿದ್ದೆ. ಆ ಜಾಗದಲ್ಲಿ ತೇವ ಹೆಚ್ಚು ಬಿದ್ದು ಬಣ್ಣ ಕೆಟ್ಟಿದೆ ಎಂದು ತೀರ್ಮಾನಿಸಿದೆ. ಅದಷ್ಟನ್ನೇ ಆರಿಸಿಕೊಂಡು ಕೆಂಪು ತೆಗೆದು ಮಣ್ಣಿನ ಬಣ್ಣ ಕೊಟ್ಟೆ. ಚುಕ್ಕೆಗಳನ್ನು ಒಂದೊಂದಾಗಿ ಅಳಿಸಿದೆ. ಅಳಿಸಿದ ಕಡೆ ಮಣ್ಣು ತುಂಬಿತು. ಇಪ್ಪತ್ತು ನಿಮಿಷದ ಕೆಲಸ. ನೋಡಿದವರೆಲ್ಲ, ನಿನ್ನೆ ತೆಗೆದ ಫೋಟೋ ಇದ್ದಂತಿದೆ ಎಂದು ಹೊಗಳಿದರು.

ಹೋದ ತಿಂಗಳು ಇಲ್ಲೇ ಹಾಲಿನಲ್ಲಿ ಫೋಟೋಗಳನ್ನು ಜೋಡಿಸಿ ನೋಡುತ್ತಿದ್ದೆವು. ಆ ಫೋಟೋವನ್ನು ನಮಗೆ ಕೊಟ್ಟಿದ್ದ ಅಣ್ಣ ಬಂದರು. 1989ರ ತಂಡದವರು. ಊರಿನಲ್ಲಿ ಗಾಡಿ ರಿಪೇರಿ ಅಂಗಡಿ ಇಟ್ಟಿದ್ದಾರೆ. ಹೆಸರು ಹೇಳಬೇಡ ಎಂದಿದ್ದಾರೆ, ಹೇಳುವುದಿಲ್ಲ. ಈ ಕಥೆ ಹೇಳಲು ಮಾತ್ರ ಒಪ್ಪಿಗೆ ಕೊಟ್ಟಿದ್ದಾರೆ. ಅವರು ಬಹಳ ಹೊತ್ತು ಫೋಟೋದ ಮುಂದೆ ನಿಂತರು. ಆಮೇಲೆ ನನ್ನನ್ನು ಕರೆದರು.

"ತಮ್ಮಾ, ಫೋಟೋ ಭಾಳ ಛಲೋ ಮಾಡೀದಿ. ಆದ್ರ ಮೆಣಸಿನಕಾಯಿ ಎಲ್ಲಿ ಹೋದುವು?"

"ಯಾವ ಮೆಣಸಿನಕಾಯಿರೀ ಅಣ್ಣಾ?"

"ಹಿಂದ. ಕಾಂಪೌಂಡ್ ಆಚೆ. ಅಲ್ಲಿ ಕಣ ಇತ್ತಲ್ಲ. ನಮ್ಮವ್ವ ಕುಂತಿದ್ಲು ಅಲ್ಲೆ."

ಸಭಿಕರೇ, ಆ ಮಾತು ಕೇಳಿ ನನಗೆ ಏನನ್ನಿಸಿತು ಎಂದು ಹೇಗೆ ಹೇಳಲಿ? ನಾನು ಬ್ಯಾಡಗಿಯಲ್ಲಿ ಹುಟ್ಟಿದವನು. ಫೆಬ್ರವರಿ ತಿಂಗಳಲ್ಲಿ ಈ ಊರಿನ ಬಯಲು ಯಾವ ಬಣ್ಣದಲ್ಲಿರುತ್ತದೆ ಎಂದು ನೋಡುತ್ತ ಬೆಳೆದವನು. ಬಿಳಿ ಅಂಗಿ ಬೆಳ್ಳಗಾದಮೇಲೂ ಒಂದು ಜಾಗ ಕೆಂಪಗೇ ಉಳಿದರೆ, ಅದು ನಿಜವಾಗಿಯೂ ಕೆಂಪು. ಇದು ನನ್ನ ವಿದ್ಯೆಯ ಮೊದಲ ಪಾಠ. ಎರಡೂ ನನಗೆ ಗೊತ್ತಿದ್ದವು. ಎರಡನ್ನೂ ಒಟ್ಟಿಗೆ ನೋಡಲಿಲ್ಲ. ಕೆಂಪನ್ನು ರೋಗ ಎಂದುಕೊಂಡೆ.

ಅಣ್ಣ ಅಲ್ಲೇ ಬೆಂಚಿನ ಮೇಲೆ ಕುಳಿತು ಹೇಳಿದರು. ಆಗ ಶಾಲೆಯ ಆಚೆ ಮನೆಗಳಿರಲಿಲ್ಲ. ಬಯಲಿನಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದರು. ಅವರ ತಾಯಿ ಬೇರೆ ಹೆಣ್ಣುಮಕ್ಕಳ ಜೊತೆ ಅಲ್ಲಿ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಿದ್ದರು. ಫೋಟೋ ತೆಗೆಸುವ ದಿನ ಮಗ ಮುಂಜಾನೆಯೇ ಹೇಳಿದ್ದನಂತೆ.

"ಬಾರಬೇ ನೋಡಾಕ ಅಂದಿದ್ದೆ. ಕೆಲಸ ಬಿಟ್ಟು ಎದ್ದು ಬಂದ್ರ ಕೂಲಿ ಹಿಡೀತಾರ ಅಂದ್ಲು. ಅಲ್ಲೇ ರಾಶಿ ಮುಂದ ಕುಂತು, ಹಣಿ ಮ್ಯಾಲ ಕೈ ಇಟ್ಟು, ಬಿಸಲಿಗೆ ಅಡ್ಡ ಹಿಡದು ನೋಡಾಕ ಹತ್ತಿದ್ಲು. ಫೋಟೋದಾಗ ಬಂದಾಳ. ಎರಡು ವರ್ಷಕ್ಕ ತೀರಿಕೊಂಡ್ಳು. ಆಕಿದು ಬ್ಯಾರೆ ಫೋಟೋ ಇಲ್ಲ. ನಾ ನನ್ನ ನೋಡ್ಕೊಳ್ಳಾಕ ಈ ಫೋಟೋ ಇಟ್ಟೇನಿ ಅಂತ ಮಂದಿ ತಿಳ್ಕೋತಾರ. ನಾ ಇಟ್ಟಿದ್ದು ಆಕಿ ಸಲುವಾಗಿ."

ನಾನು ಒರೆಸಿ ಹಾಕಿದ ಚುಕ್ಕೆಗಳಲ್ಲಿ ಒಂದು ಬೂಷ್ಟಾಗಿರಲಿಲ್ಲ.

ಪುಣ್ಯಕ್ಕೆ ಈ ಫೋಟೋದ ಮೂಲ ಸ್ಕ್ಯಾನ್ ನನ್ನ ಬಳಿ ಇತ್ತು. ಹಳೆಯ ಆವೃತ್ತಿಯನ್ನು ಎಂದೂ ಅಳಿಸಬಾರದು ಎಂಬುದು ನಮ್ಮ ವೃತ್ತಿಯ ರೂಢಿ. ಲ್ಯಾಪ್‌ಟಾಪ್ ತೆಗೆದು ಅಲ್ಲೇ ತೋರಿಸಿದೆ. ಕೆಂಪು ಬಯಲು ಮತ್ತೆ ಬಂತು. ಅದರಲ್ಲಿ ಮೂರು ನಾಲ್ಕು ಚುಕ್ಕೆಗಳು ಸಾಲಾಗಿದ್ದವು. ಹಿಗ್ಗಿಸಿದಾಗ ಒಂದು ಚುಕ್ಕೆ ಹಸಿರಾಗಿತ್ತು. ಅದರ ಮೇಲ್ಭಾಗದಲ್ಲಿ ಮಡಿಸಿದ ಮೊಣಕೈಯಂಥ ಒಂದು ಬಾಗು ಇತ್ತು. "ಆಕೀನ" ಎಂದರು ಅಣ್ಣ.

ಆಮೇಲೆ ಅವರು ಕೇಳಿದ ಪ್ರಶ್ನೆ ಇನ್ನೂ ಕಷ್ಟದ್ದು. "ಇನ್ನೂ ದೊಡ್ಡದು ಮಾಡಿದ್ರ ಮುಖ ಕಾಣ್ತೈತೇನು?"

ಲೆಕ್ಕ ಹೇಳುತ್ತೇನೆ. ಮೂಲ ಪ್ರಿಂಟಿನಲ್ಲಿ ಆ ತಾಯಿಯ ಎತ್ತರ ಸುಮಾರು 2 ಮಿಲಿಮೀಟರ್. ನಾನು ಸ್ಕ್ಯಾನ್ ಮಾಡಿದ್ದು ಇಂಚಿಗೆ 600 ಬಿಂದುಗಳಂತೆ. ಅಂದರೆ ಕುಳಿತ ಇಡೀ ದೇಹಕ್ಕೆ 47 ಬಿಂದು, ಮುಖಕ್ಕೆ ಅಡ್ಡಲಾಗಿ ಎಂಟೋ ಹತ್ತೋ ಬಿಂದು. ಅಷ್ಟರಲ್ಲಿ ಕಣ್ಣು, ಮೂಗು, ಕುಂಕುಮ ಹಿಡಿಯುವುದಿಲ್ಲ. ಇನ್ನೂ ಹೆಚ್ಚು ಬಿಂದುಗಳಿಗೆ ಸ್ಕ್ಯಾನ್ ಮಾಡಿದರೆ ಕಾಗದದ ನಾರು ಕಾಣಬಹುದು, ಮುಖ ಕಾಣುವುದಿಲ್ಲ. ಕ್ಯಾಮೆರಾ ಹಿಡಿಯದೇ ಬಿಟ್ಟದ್ದನ್ನು ಯಾವ ಸ್ಕ್ಯಾನರೂ ತರಲಾರದು.

ಆದರೆ ಈಗ ಕೃತಕ ಬುದ್ಧಿಮತ್ತೆಯ ಕಾಲ. 2023ರಿಂದ ಫೋಟೋಶಾಪ್‌ನಲ್ಲೇ ಇಲ್ಲದ್ದನ್ನು ಹುಟ್ಟಿಸಿ ತುಂಬುವ ಸೌಲಭ್ಯವಿದೆ. ಮಸುಕು ಮುಖ ಕೊಟ್ಟರೆ ಸ್ಪಷ್ಟ ಮುಖ ಮಾಡಿಕೊಡುವ ಬೇರೆ ಸಾಧನಗಳೂ ಇವೆ. ಲಕ್ಷಾಂತರ ಮುಖಗಳನ್ನು ನೋಡಿ ಕಲಿತಿರುವ ಅವು, ಈ ಹತ್ತು ಬಿಂದುಗಳಿಗೆ ಹೊಂದುವ ಒಂದು ಮುಖವನ್ನು ಕಟ್ಟಿಕೊಡುತ್ತವೆ. ಅಣ್ಣನಿಗೆ ಉತ್ತರ ಕೊಡುವ ಮುಂಚೆ, ಆ ರಾತ್ರಿ ಮನೆಯಲ್ಲಿ ನಾನೇ ಒಮ್ಮೆ ಮಾಡಿ ನೋಡಿದೆ. ಒಬ್ಬ ಹೆಂಗಸಿನ ಮುಖ ಬಂತು. ಇನ್ನೊಮ್ಮೆ ಮಾಡಿದೆ. ಬೇರೊಬ್ಬರ ಮುಖ ಬಂತು. ಮೂರನೇ ಸಲ ಮೂರನೆಯವರು. ಮೂವರೂ ನೋಡಲು ಲಕ್ಷಣವಾಗಿದ್ದರು. ಮೂವರೂ ಎಲ್ಲೂ ಹುಟ್ಟದವರು. ಮೂರನ್ನೂ ಅಳಿಸಿಹಾಕಿದೆ.

ಮಾರನೆಯ ದಿನ ಅವರ ಅಂಗಡಿಗೆ ಹೋಗಿ ಹೇಳಿದೆ. "ಅಣ್ಣಾ, ಮುಖ ಮಾಡಾಕ ಬರತೈತಿ. ಆದ್ರ ಅದು ಅವ್ವಾರ ಮುಖ ಆಗಿರೂದಿಲ್ಲ." ಅವರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, ಬಟ್ಟೆಗೆ ಕೈ ಒರೆಸಿಕೊಂಡರು. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಒಮ್ಮೆ ಬ್ಯಾರೆ ಮುಖ ನೋಡಿದ್ನೆಂದ್ರ, ಈಗ ನೆನಪಿನಾಗ ಇರೂದೂ ಹೊಕ್ಕೈತಿ. ಬ್ಯಾಡ ಬಿಡು. ಹಸರು ಸೀರಿ ಕಾಣ್ತೈತಲ್ಲ, ಸಾಕು" ಎಂದರು. ನಾನು ಅಳುಕಿನಿಂದ ಹೇಳಲು ಹೋದ ವಿಷಯವನ್ನು ಅವರು ನನಗಿಂತ ಚೆನ್ನಾಗಿ ಹೇಳಿದರು.

ಹಿನ್ನೆಲೆ ತಿದ್ದುವುದು ಹೊಸ ವಿದ್ಯೆಯೇನಲ್ಲ. ನಮ್ಮ ಹಾವೇರಿ ಜಿಲ್ಲೆ 1997ರವರೆಗೆ ಧಾರವಾಡ ಜಿಲ್ಲೆಯ ಭಾಗವಾಗಿತ್ತು. ಆ ಧಾರವಾಡ ಮತ್ತು ಮೈಸೂರು ಸೀಮೆಯ ಗುಡಿಗಳ ಫೋಟೋಗಳು 1866ರಷ್ಟು ಹಿಂದೆಯೇ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದಿವೆ. ಪಿಗು, ನೀಲ್, ಬಿಗ್ಸ್ ಎಂಬ ಮೂವರು ತೆಗೆದ ಚಿತ್ರಗಳಿಗೆ ಮೆಡೋಸ್ ಟೇಲರ್ ಇತಿಹಾಸ ಬರೆದಿದ್ದಾರೆ. ಆ ಕಾಲದ ರಾಸಾಯನಿಕಗಳಿಗೆ ನೀಲಿ ಬೆಳಕೆಂದರೆ ಅತಿ ಚುರುಕು. ನೀಲಿ ಆಕಾಶ ಬರೀ ಬಿಳಿಯಾಗಿ ಬೀಳುತ್ತಿತ್ತು. ಮೋಡಗಳೆಲ್ಲ ಮಾಯ. ಆಕಾಶದಲ್ಲಿ ಕಲೆಯಾದರೆ ನೆಗೆಟಿವ್ ಮೇಲೆ ಬಣ್ಣ ಬಳಿದು ಮುಚ್ಚುವ ರೂಢಿಯೂ ಅಂದಿನ ಛಾಯಾಗ್ರಾಹಕರಲ್ಲಿತ್ತು. ಮುಂದೆ ಸ್ಟುಡಿಯೋಗಳು ಬಂದವು. ಚೂಪು ಪೆನ್ಸಿಲ್ ಹಿಡಿದು ನೆಗೆಟಿವ್ ತಿದ್ದುವವರು ಬಂದರು. ನಮ್ಮ ಅಜ್ಜ-ಅಜ್ಜಿಯರ ಫೋಟೋದ ಹಿಂದೆ ನೋಡಿ, ಅರಮನೆಯ ಕಂಬ, ಮೆಟ್ಟಿಲು, ತೋಟ ಇರುತ್ತವೆ. ಅವರು ಅರಮನೆಗೆ ಹೋದವರಲ್ಲ. ಅದು ಬಟ್ಟೆಯ ಮೇಲೆ ಬರೆದ ಪರದೆ. ಅದರಲ್ಲಿ ಮೋಸವಿಲ್ಲ, ಯಾಕೆಂದರೆ ಅದು ಪರದೆ ಎಂದು ನೋಡುವವರಿಗೆಲ್ಲ ಗೊತ್ತು.

ಗೊತ್ತಾಗದಂತೆ ತಿದ್ದಿದ್ದಕ್ಕೂ ಇತಿಹಾಸದಲ್ಲಿ ಉದಾಹರಣೆಯಿದೆ. ರಷ್ಯಾದ ಸ್ಟಾಲಿನ್ ಮಾಸ್ಕೋ ಕಾಲುವೆಯ ದಡದಲ್ಲಿ ನಡೆಯುತ್ತಿರುವ 1937ರ ಒಂದು ಫೋಟೋ ಪ್ರಸಿದ್ಧವಾಗಿದೆ. ಪಕ್ಕದಲ್ಲಿ ಯೆಜೋವ್ ಎಂಬ ಪೊಲೀಸ್ ಮುಖ್ಯಸ್ಥ ಇದ್ದ. 1940ರಲ್ಲಿ ಅವನನ್ನು ಕೊಲ್ಲಿಸಿದರು. ಆಮೇಲೆ ಬಂದ ಅದೇ ಫೋಟೋದಲ್ಲಿ ಅವನಿದ್ದ ಜಾಗದಲ್ಲಿ ಬರೀ ಕಾಲುವೆಯ ನೀರು. ಉಳಿದವರ ಮುಖಗಳನ್ನು ಯಾರೂ ಮುಟ್ಟಲಿಲ್ಲ. ಹಿನ್ನೆಲೆಯನ್ನು ಮಾತ್ರ ತುಂಬಿದರು. ನನ್ನ ನಿಯಮ ನೆನಪಾಯಿತಲ್ಲವೇ? ಮುಖ ಮುಟ್ಟಬಾರದು, ಹಿನ್ನೆಲೆ ತಿದ್ದಿದರೆ ನಡೆಯುತ್ತದೆ. ಅವರದು ದುರುದ್ದೇಶ, ನನ್ನದು ನಿದ್ದೆಗಣ್ಣು. ಆದರೆ ಫೋಟೋದಿಂದ ಮನುಷ್ಯರು ಕಾಣೆಯಾದ ರೀತಿ ಒಂದೇ.

ಆ ದಿನದಿಂದ ನಾನು 112 ಫೋಟೋಗಳನ್ನೂ ಮತ್ತೆ ಮೊದಲಿನಿಂದ ತೆಗೆದುಕೊಂಡೆ. ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಮೊದಲು ಬಂದ ಹನ್ನೊಂದು ಫೋಟೋಗಳನ್ನು ಅವಸರದಲ್ಲಿ ಮೊಬೈಲಿನಲ್ಲೇ ಹಿಡಿದು, ಆ ಫೈಲಿನ ಮೇಲೆಯೇ ತಿದ್ದಿ, ಪ್ರಿಂಟುಗಳನ್ನು ಮನೆಗಳಿಗೆ ವಾಪಸ್ ಕೊಟ್ಟಿದ್ದೆ. ವೃತ್ತಿಯ ರೂಢಿಯನ್ನು ಅಲ್ಲಿ ಪಾಲಿಸಿರಲಿಲ್ಲ. ಮತ್ತೆ ಆ ಮನೆಗಳಿಗೆ ಹೋದೆ. ಒಂಬತ್ತು ಸಿಕ್ಕವು. ಎರಡು ಮನೆಯವರು "ಹೊಸಾದು ಕೊಟ್ಟಿದ್ದೆಲ್ಲಪಾ, ಹಳೇದು ಯಾಕ ಬೇಕು" ಎಂದು ಎಸೆದುಬಿಟ್ಟಿದ್ದರು. ಆ ಎರಡು ಫೋಟೋಗಳ ಹಿನ್ನೆಲೆಯಲ್ಲಿ ನಾನು ಏನನ್ನು ಅಳಿಸಿದೆನೋ ಇನ್ನು ಯಾರೂ ಹೇಳಲಾರರು. ಅವು ಈ ಪ್ರದರ್ಶನದಲ್ಲಿವೆ. ಕೆಳಗೆ "ಹಿನ್ನೆಲೆ ತಿದ್ದಲಾಗಿದೆ, ಮೂಲ ಉಳಿದಿಲ್ಲ" ಎಂದು ಬರೆಸಿದ್ದೇನೆ.

ಉಳಿದವುಗಳನ್ನು ಈ ಸಲ ನಿಧಾನವಾಗಿ ನೋಡಿದೆ. ಒಬ್ಬನೇ ನೋಡಲಿಲ್ಲ, ಪ್ರತಿಯೊಂದಕ್ಕೂ ಆ ತಂಡದ ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಂಡೆ. ಗೋಡೆಯ ಬಿರುಕು ಎಂದು ನಾನು ಮುಚ್ಚಿದ್ದು ಒಂದು ಫೋಟೋದಲ್ಲಿ ಕುಟುಂಬ ಯೋಜನೆಯ ತ್ರಿಕೋನದ ಅಂಚು ಎಂದು ತಿಳಿಯಿತು. ಹಿರಿಯರಿಗೆ ನೆನಪಿರಬಹುದು, ತಲೆಕೆಳಗಾದ ಕೆಂಪು ತ್ರಿಕೋನ, ಆಗ ಊರೂರಿನ ಗೋಡೆಗಳ ಮೇಲೆ ಇತ್ತು. ಇನ್ನೊಂದರಲ್ಲಿ ಕಿಟಕಿಯ ಕತ್ತಲಲ್ಲಿ ಅರ್ಧ ಮುಖ ಇತ್ತು. ಗಂಟೆ ಬಾರಿಸುತ್ತಿದ್ದ ಸಿಪಾಯಿ ಕಾಕಾ ಎಂದು ಮೂವರು ಬೇರೆ ಬೇರೆಯಾಗಿ ಗುರುತಿಸಿದರು. ಒಂದರಲ್ಲಿ ಬೇವಿನ ಗಿಡ ಮೊಣಕಾಲೆತ್ತರ ಇದೆ. ಈಗ ನೀವು ಅದೇ ಗಿಡದ ನೆರಳಲ್ಲಿ ಕುಳಿತಿದ್ದೀರಿ. ಇವನ್ನೆಲ್ಲ ಸಾಫ್ಟ್‌ವೇರು ಹೇಳಲಿಲ್ಲ, ಊರಿನವರು ಹೇಳಿದರು.

ಮನೆಯಲ್ಲಿ ಹಳೆಯ ಫೋಟೋ ಇಟ್ಟುಕೊಂಡವರಿಗೆ ನನ್ನ ಅನುಭವದಿಂದ ನಾಲ್ಕು ಮಾತು ಹೇಳಿ ಮುಗಿಸುತ್ತೇನೆ.

ಒಂದು, ಗಾಜಿಗೆ ಅಂಟಿದ ಫೋಟೋವನ್ನು ಕೀಳಬೇಡಿ. ಚಿತ್ರ ಗಾಜಿನ ಮೇಲೆ, ಕಾಗದ ನಿಮ್ಮ ಕೈಯಲ್ಲಿ ಉಳಿಯುತ್ತದೆ. ಗಾಜಿನ ಸಮೇತವೇ ಸ್ಕ್ಯಾನ್ ಮಾಡಬಹುದು. ಒದ್ದೆ ಬಟ್ಟೆಯಿಂದ ಒರೆಸಬೇಡಿ. ಬೂಷ್ಟು ಬಂದಿದ್ದರೆ ನೆರಳಿನಲ್ಲಿ ಗಾಳಿಯಾಡಲು ಬಿಡಿ, ಮೆತ್ತನೆಯ ಒಣ ಕುಂಚದಿಂದ ಹಗುರಾಗಿ ಧೂಳು ತೆಗೆಯಿರಿ. ಹರಿದದ್ದಕ್ಕೆ ಟೇಪು ಹಚ್ಚಬೇಡಿ, ತುಂಡುಗಳನ್ನು ಒಂದು ಲಕೋಟೆಯಲ್ಲಿ ಹಾಕಿಡಿ.

ಎರಡು, ಸ್ಕ್ಯಾನ್ ಮಾಡಿಸುವಾಗ ಇಂಚಿಗೆ 600 ಬಿಂದುಗಳಿಗೆ ಕಡಿಮೆ ಇಲ್ಲದಂತೆ ಮಾಡಿಸಿ. ಆಗುವುದಾದರೆ ಟಿಫ್ ಫೈಲ್ ಕೇಳಿ. ಕಪ್ಪು-ಬಿಳುಪು ಫೋಟೋವನ್ನೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿಸಿ, ಕಲೆ ಯಾವುದು ಚಿತ್ರ ಯಾವುದು ಎಂದು ಬೇರ್ಪಡಿಸಲು ಅದು ನೆರವಾಗುತ್ತದೆ. ಆ ಮೊದಲ ಫೈಲನ್ನು ಎಂದೂ ತಿದ್ದಬೇಡಿ. ಅದರ ಪ್ರತಿ ಮಾಡಿಕೊಂಡು, ಅದರ ಮೇಲೆ ಬೇರೆ ಲೇಯರ್ ಹಾಕಿ ತಿದ್ದಿ. ಆಗ ಯಾವ ತೇಪೆಯನ್ನಾದರೂ ಬಿಚ್ಚಿ ನೋಡಬಹುದು.

ಮೂರು, ಫೋಟೋದ ಹಿಂದೆ ಮೆತ್ತನೆಯ ಪೆನ್ಸಿಲಿನಿಂದ ಅಂಚಿನಲ್ಲಿ ಹೆಸರು ಬರೆಯಿರಿ. ಬಾಲ್ ಪೆನ್ ಒತ್ತಿದರೆ ಮುಂದಿನ ಕಡೆ ಗೆರೆ ಮೂಡುತ್ತದೆ. ಮುಂದೆ ನಿಂತವರ ಹೆಸರಷ್ಟೇ ಸಾಲದು. ಯಾವ ಜಾಗ, ಯಾವ ತಿಂಗಳು, ಹಿಂದೆ ಕಾಣುವುದು ಯಾರ ಮನೆ, ಯಾರ ಹೊಲ, ಇದನ್ನೂ ಬರೆಯಿರಿ.

ನಾಲ್ಕು, ಹೊಸ ಪ್ರಿಂಟ್ ಎಷ್ಟೇ ಚೆನ್ನಾಗಿ ಬಂದರೂ ಹಳೆಯದನ್ನು ಎಸೆಯಬೇಡಿ. ನನ್ನಂಥ ಇಂಜಿನಿಯರು ನಿದ್ದೆಗಣ್ಣಿನಲ್ಲಿ ಏನು ಮಾಡಿರುತ್ತಾನೋ ಹೇಳಲಾಗದು.

ಪ್ರದರ್ಶನದ ಹಾಲಿನಲ್ಲಿ, ಬಾಗಿಲಿನಿಂದ ಎಡಕ್ಕೆ ಮೂರನೆಯದು ಆ 1989ರ ಫೋಟೋ. ಅದನ್ನು ಎರಡು ಸಲ ಹಾಕಿದ್ದೇವೆ. ಒಂದು ಬಂದಾಗ ಹೇಗಿತ್ತೋ ಹಾಗೆ. ಪಕ್ಕದಲ್ಲಿ ಸರಿಪಡಿಸಿದ್ದು. ಸರಿಪಡಿಸಿದ್ದರಲ್ಲಿ ಅಂಗಿಗಳು ಬೆಳ್ಳಗಿವೆ, ಬಯಲು ಕೆಂಪಗಿದೆ. ಬೂಷ್ಟಿನ ಚುಕ್ಕೆಗಳಲ್ಲಿ, ಅದು ಬೂಷ್ಟೇ ಹೌದು ಎಂದು ಖಾತ್ರಿಯಾದವುಗಳನ್ನು ಮಾತ್ರ ತೆಗೆದಿದ್ದೇನೆ. ಅನುಮಾನವಿದ್ದವುಗಳನ್ನು ಹಾಗೇ ಬಿಟ್ಟಿದ್ದೇನೆ. ಫೋಟೋದ ಕೆಳಗೆ ಶಿಕ್ಷಕರ ಹೆಸರು, ವಿದ್ಯಾರ್ಥಿಗಳ ಹೆಸರು ಇವೆ. ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೇವೆ: "ಹಿನ್ನೆಲೆಯಲ್ಲಿ, ಕಣದಲ್ಲಿ ತೊಟ್ಟು ಬಿಡಿಸುತ್ತಿರುವ ತಾಯಂದಿರು."

ಅವರಲ್ಲಿ ಒಬ್ಬರು ಯಾರೆಂದು ನಮಗೆ ಗೊತ್ತಾಗಿದೆ. ಇನ್ನೂ ಇಬ್ಬರೋ ಮೂವರೋ ಇದ್ದಾರೆ. ಇಲ್ಲಿ ಕುಳಿತಿರುವ ಹಿರಿಯ ತಾಯಂದಿರಲ್ಲಿ ಆ ಕಣಕ್ಕೆ ಹೋಗುತ್ತಿದ್ದವರು ಇರಬಹುದು. ನಿಮ್ಮ ಅತ್ತೆಯವರೋ ಅವ್ವನೋ ಹೋಗುತ್ತಿದ್ದಿರಬಹುದು. ದಯವಿಟ್ಟು ಊಟಕ್ಕೆ ಹೋಗುವ ಮುಂಚೆ ಒಮ್ಮೆ ಆ ಫೋಟೋ ನೋಡಿ. ಪಕ್ಕದಲ್ಲಿ ಒಂದು ವಹಿ, ದಾರ ಕಟ್ಟಿದ ಪೆನ್ಸಿಲ್ ಇಟ್ಟಿದ್ದೇವೆ. ಗುರುತು ಸಿಕ್ಕರೆ ಬರೆಯಿರಿ. ಬರೆಯಲು ಬಾರದವರು ಹೇಳಿದರೆ ಒಂಬತ್ತನೇ ತರಗತಿಯ ಮಕ್ಕಳು ಬರೆದುಕೊಳ್ಳುತ್ತಾರೆ. ಮಹೋತ್ಸವ ಮುಗಿದಮೇಲೂ ಆ ವಹಿ ಶಾಲೆಯ ಗ್ರಂಥಾಲಯದಲ್ಲಿ ಇರುತ್ತದೆ.

ಕನ್ನಡ ಮಾಸ್ತರರೇ, ಈ ಸಲ ಸಾಲು ಮರೆಯಲಿಲ್ಲ.